ಪಾಟಿ ಹಿಡಿದು ನಿಂತವರು

ನಮ್ಮ ಖೋಲಿಯ ಗೋಡೆಯ ಮೇಲೆ ಬದುಕಿದ್ದವರ ಫೋಟೋ ಒಂದೂ ಇರಲಿಲ್ಲ. ಗೋಡೆಯಲ್ಲಿ ಕೊರೆದ ದೇವರ ಮಾಡದ ಮೇಲೆ ಸಾಲಾಗಿ ನಾಲ್ಕು ಚೌಕಟ್ಟುಗಳಿದ್ದವು: ಅಜ್ಜ, ಅಜ್ಜಿ, ನಾನು ಹುಟ್ಟುವ ಮೊದಲೇ ತೀರಿಕೊಂಡ ನನ್ನ ಅಣ್ಣ, ಮತ್ತು ಅಪ್ಪನ ಅಕ್ಕ ಗೋದತ್ಯಾಳ ಗಂಡ. ಅವ್ವ ಬೆಳಿಗ್ಗೆ ಪೂಜೆ ಮುಗಿಸಿ, ಸಾಣೆಕಲ್ಲಿನ ಮೇಲೆ ಉಳಿದ ಗಂಧವನ್ನು ಬೆರಳಿಗೆ ತೆಗೆದುಕೊಂಡು ಒಬ್ಬೊಬ್ಬರ ಹಣೆಗೂ ಗಾಜಿನ ಮೇಲಿಂದಲೇ ಹಚ್ಚುತ್ತಿದ್ದಳು. ಹಚ್ಚಿ ಹಚ್ಚಿ ಅಜ್ಜನ ಹಣೆ ದಪ್ಪಗಾಗಿ, ಹುಬ್ಬು ಕಾಣದೆ, ಅವನು ಯಾವಾಗಲೂ ಏನನ್ನೋ ಹೊತ್ತುಕೊಂಡವನ ಹಾಗೆ ನೋಡುತ್ತಿದ್ದ. ಫೋಟೋ ಎಂದರೆ ಸತ್ತವರದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಲ್ಲ ಎಂದೂ ಯಾರೂ ಹೇಳಿರಲಿಲ್ಲ. ಗಾಜಿನ ಒಳಗೆ ಹೋದವರು ಹೊರಗೆ ಬರುವುದಿಲ್ಲ ಎಂಬುದನ್ನು ಒಂಬತ್ತು ವರ್ಷದ ನಾನು, ಬೆಂಕಿ ಮುಟ್ಟಬಾರದು ಎಂಬುದನ್ನು ತಿಳಿದಿದ್ದಂತೆಯೇ ತಿಳಿದಿದ್ದೆ.

ಇದನ್ನು ಬರೆಯುವಾಗ ನನ್ನ ಮುಂದೆ ಎರಡು ಡೈರಿಗಳಿವೆ. ಒಂದು ಕಾಲೇಜಿನಲ್ಲಿದ್ದಾಗ ಬರೆದದ್ದು, ಇನ್ನೊಂದು ಮಕ್ಕಳು ದೊಡ್ಡವರಾದ ಮೇಲಿನದು. ಆ ಮಂಗಳವಾರದ ಬಗ್ಗೆ ಎರಡರಲ್ಲೂ ಬರೆದಿದ್ದೇನೆ, ಎರಡೂ ಹೊಂದುವುದಿಲ್ಲ. ಮೊದಲನೆಯದರಲ್ಲಿ ಅತ್ಯಾ ಗವಿಯಲ್ಲಿ ಅಳುತ್ತಾಳೆ. ಎರಡನೆಯದರಲ್ಲಿ ಅಳುವುದು ನಾನು. ಯಾವುದು ನಿಜವೆಂದು ಕೇಳಲು ಈಗ ಯಾರೂ ಉಳಿದಿಲ್ಲ. ಹೀಗಾಗಿ ನನಗೆ ಖಾತ್ರಿ ಇರುವುದನ್ನು ಖಾತ್ರಿ ಎಂದೂ, ಇಲ್ಲದ್ದನ್ನು ಇಲ್ಲ ಎಂದೂ ಹೇಳುತ್ತ ಹೋಗುತ್ತೇನೆ.

ಖಾತ್ರಿ ಇರುವುದು ಆ ಚಾಳು. ಜೋಗೇಶ್ವರಿ ಸ್ಟೇಶನ್ನಿನಿಂದ ಹತ್ತು ನಿಮಿಷದ ದಾರಿ. ಒಂದು ಅಂತಸ್ತಿನ ಮೇಲೆ ಇನ್ನೊಂದು, ಉದ್ದಕ್ಕೂ ಕಟ್ಟಿಗೆಯ ಗ್ಯಾಲರಿ, ಗ್ಯಾಲರಿಗೆ ತೆರೆದುಕೊಳ್ಳುವ ಬಾಗಿಲುಗಳು. ಮೇಲಿನ ಅಂತಸ್ತಿನಲ್ಲಿ ನಡುವಿನದು ನಮ್ಮ ಖೋಲಿ. ಕಟ್ಟಕಡೆಯ ಮೂಲೆಯ ಚಿಕ್ಕ ಖೋಲಿ ಗೋದತ್ಯಾಳದು. ಕೆಳಗೆ ಅಂಗಳದಲ್ಲಿ ಇಡೀ ಚಾಳಿಗೆ ಒಂದೇ ನಳ. ನೀರು ಬರುವ ಹೊತ್ತಿಗೆ ಎಲ್ಲರೂ ಅಲ್ಲಿ ನಿಂತಿರಲು ಆಗುತ್ತಿರಲಿಲ್ಲ. ಒಬ್ಬರಿಗೆ ಅಡಿಗೆ, ಇನ್ನೊಬ್ಬರಿಗೆ ಲೋಕಲ್ ಗಾಡಿ ತಪ್ಪೀತೆಂಬ ಅವಸರ. ಅದಕ್ಕೆ ಬೆಳಕು ಹರಿಯುತ್ತಲೇ ತಮ್ಮ ತಮ್ಮ ಕೊಡ ತಂದು ನಳದ ಮುಂದೆ ಸಾಲಿನಲ್ಲಿಟ್ಟು ಹೋಗುತ್ತಿದ್ದರು. ನಾವದನ್ನು ನಂಬರ್ ಹಚ್ಚುವುದು ಎನ್ನುತ್ತಿದ್ದೆವು. ಕೊಡ ಇದ್ದರೆ ಮನುಷ್ಯ ಇದ್ದ ಹಾಗೆ. ಎಂಥ ಜಗಳಗಂಟಿಯೂ ಇನ್ನೊಬ್ಬರ ಕೊಡವನ್ನು ಹಿಂದೆ ಸರಿಸುತ್ತಿರಲಿಲ್ಲ. ಅತ್ಯಾಳ ಕೊಡ ಹಿತ್ತಾಳೆಯದು, ಕಂಠದ ಹತ್ತಿರ ನೆಗ್ಗಿತ್ತು. ಯಾವಾಗಲೂ ಮೊದಲನೆಯದೋ ಎರಡನೆಯದೋ ಆಗಿರುತ್ತಿತ್ತು.

ಅತ್ಯಾ ವಿಜಾಪುರದ ಕಡೆಯಿಂದ ಬಂದು ಬ್ಯಾಂಕು, ಗಿರಣಿ, ಅಂಗಡಿಗಳಲ್ಲಿ ದುಡಿಯುತ್ತಿದ್ದ ಒಂಟಿ ಗಂಡಸರಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ಬೆಳಿಗ್ಗೆ ಅವಳ ಖೋಲಿಯಿಂದ ಬರುವ ರೊಟ್ಟಿ ಬಡಿಯುವ ಸಪ್ಪಳಕ್ಕೇ ನಾನು ಏಳುತ್ತಿದ್ದೆ. ಗಂಡ ಸತ್ತ ಮೇಲೆ ಅವಳು ವಿಜಾಪುರದಲ್ಲಿ ಮೈದುನನ ಮನೆಯಲ್ಲಿದ್ದಳು. ಆ ವರ್ಷಗಳ ಬಗ್ಗೆ ಅವಳು ಹೇಳಿದ್ದು ನನಗೆ ಗೊತ್ತಿರುವಂತೆ ಒಂದೇ ಮಾತು: ಅಲ್ಲಿ ತಾನು ಮಲಗುತ್ತಿದ್ದ ಕೋಣೆಗೆ ಒಳಗಿನಿಂದ ಚಿಲಕ ಇರಲಿಲ್ಲ ಎಂದು. ಇಲ್ಲಿಯ ಖೋಲಿ ಅವಳ ಹೆಸರಿನಲ್ಲಿತ್ತು, ಚಿಲಕ ಒಳಗಿತ್ತು. ನಾನು ಹೋದರೆ ಒಂದು ಆಟದ ಹಾಗೆ ಅದನ್ನು ಹಾಕಿ ತೆಗೆದು ತೋರಿಸುತ್ತಿದ್ದಳು.

"ನೋಡು ವಚ್ಚಿ, ಕಟಕ್ ಅಂತದಲ್ಲ? ಈಗ ಆ ಬ್ರಹ್ಮದೇವ ಬಂದ್ರೂ ಬಾಗಿಲಾ ಬಡದು ನಿಂದರಬೇಕು."

ಅಪ್ಪ ಫೋರ್ಟಿನ ಒಂದು ಕಚೇರಿಯಲ್ಲಿ ನಕಾಶೆ ಬರೆಯುವ ಡ್ರಾಫ್ಟ್ಸ್‌ಮನ್. ನಮ್ಮ ಚಾಳಿನ ಮುಂದಿನ ರಸ್ತೆಯನ್ನು ಅಗಲ ಮಾಡುವ ನಕಾಶೆಯೂ ಅವನ ಮೇಜಿಗೇ ಬಂದಿತ್ತು. ಚಾಳಿನ ಮೇಲೆ ಹಾದುಹೋಗುವ ಕೆಂಪು ಗೆರೆಯನ್ನು ಎಳೆದವನು ಅವನೇ. ಆ ದಿನಗಳಲ್ಲಿ ಅವನು ಮನೆಗೆ ಬಂದರೆ ಕೈಗೆ ಹತ್ತಿದ ಕೆಂಪು ಶಾಯಿಯನ್ನು ಕಲ್ಲಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ. ಒಂದು ಶನಿವಾರ ಅವನು ರಟ್ಟಿನ ಪೆಟ್ಟಿಗೆಯೊಂದನ್ನು ತಂದ. ಮರುದಿನ ಊಟವಾದ ಮೇಲೆ ನೆಲದ ಮೇಲೆ ಹಳೆಯ ಧೋತರ ಹಾಸಿ, ಪೆಟ್ಟಿಗೆಯಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ಅದರ ಮೇಲೆ ಇಟ್ಟ. ಅಮೇರಿಕಾದ ಯಾವುದೋ ಊರಿನವು. ಶಿಕಾಗೋ ಎಂದು ಅಪ್ಪ ಹೇಳಿದ ನೆನಪು. ಅಲ್ಲಿಯೂ ಹೀಗೆಯೇ ಒಂದು ರಸ್ತೆ ಅಗಲ ಮಾಡುವ ಮೊದಲು ಪ್ರತಿ ಮನೆಯ ಫೋಟೋ ತೆಗೆದಿದ್ದರಂತೆ. ಹೇಗೆ ತೆಗೆದಿದ್ದಾರೆ ನೋಡಿ ಟಿಪ್ಪಣಿ ಮಾಡು ಎಂದು ಸಾಹೇಬರು ಕೊಟ್ಟು ಕಳಿಸಿದ್ದರು.

ಅಪ್ಪನ ಭೂತಗನ್ನಡಿಯನ್ನು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ನೋಡಿದೆವು. ಎರಡು ಕಟ್ಟಡಗಳ ನಡುವೆ ಹಗ್ಗ ಕಟ್ಟಿ ಒಣಗಹಾಕಿದ ಬಟ್ಟೆಗಳು. ಕೈಗಾಡಿಯಲ್ಲಿ ಹಣ್ಣು ಮಾರುವ ದಪ್ಪ ಮೀಸೆಯವನು. ಬಾಗಿಲ ಮುಂದೆ ಹಾಲಿನ ಬಾಟಲಿಗಳು. ಮೆಟ್ಟಿಲ ಮೇಲೆ ಬಟಾಟೆ ಸುಲಿಯುತ್ತ ಕೂತ ಹೆಂಗಸರು. ಚರಂಡಿಯ ಪಕ್ಕದಲ್ಲಿ ಕೊಳಕಾದ ಹಿಮದ ರಾಶಿ. ಅದನ್ನು ಅವ್ವ ಅರಳೆ ಎಂದೇ ಸಾಧಿಸಿದಳು.

"ಅಯ್ಯ, ಅಮೇರಿಕಾದಾಗೂ ಚಾಳ ಅದಾವಲ್ಲೋ ರಾಘ್ಯಾ!" ಅತ್ಯಾ ನಕ್ಕಳು. "ನಾ ಅಲ್ಲಿ ಮಂದಿ ಎಲ್ಲಾ ಮೋಟಾರಿನ್ಯಾಗ ಮಲಗ್ತಾರ ಅಂತ ತಿಳಕೊಂಡಿದ್ದೆ."

"ಬಡವರು ಎಲ್ಲಾ ಕಡೆ ಇರ್ತಾರ ಅಕ್ಕಾ."

"ಇಕಿನ್ನ ನೋಡು, ಕಿಡಕಿಯಿಂದ ಹೆಂಗ ಬಗ್ಯಾಳ. ಥೇಟ್ ನಮ್ಮ ಶೇವಂತಾಬಾಯಿ! ಯಾರ ಮನ್ಯಾಗ ಏನು ಅಡಿಗಿ ಅಂತ ಮೂಸಿ ನೋಡ್ಲಿಕತ್ಯಾಳ."

ಶೇವಂತಾಬಾಯಿ ನಮ್ಮ ಪಕ್ಕದ ಖೋಲಿಯವಳು. ಗೋಡೆಯಾಚೆ ಅವಳಿಗೆ ಕೇಳೀತೆಂದು ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಾನು ನಗಲಿಲ್ಲ. ಪ್ರತಿ ಫೋಟೋದಲ್ಲೂ ಒಬ್ಬರು ಬಾಗಿಲ ಮುಂದೆ ನೆಟ್ಟಗೆ ನಿಂತು, ಎದೆಗೆ ನಮ್ಮ ಶಾಲೆಯ ಪಾಟಿಯಂಥ ಒಂದು ಕಪ್ಪು ಹಲಗೆ ಹಿಡಿದಿದ್ದರು. ಅದರ ಮೇಲೆ ಬಿಳಿ ಅಕ್ಷರದಲ್ಲಿ ಏನೋ ನಂಬರು. ಅವರ ಮುಖಗಳು ನಮ್ಮ ಗೋಡೆಯ ಮೇಲಿನ ನಾಲ್ವರ ಮುಖಗಳಂತೆಯೇ ಇದ್ದವು: ರೆಪ್ಪೆ ಬಡಿಯದೆ, ತುಟಿ ಬಿಗಿದು. ಒಂದರಲ್ಲಿ ನನ್ನಷ್ಟೇ ಎತ್ತರದ ಹುಡುಗಿ. ಕಾಲುಚೀಲ ಜಾರಿ ಕೆಳಗೆ ಬಂದಿತ್ತು, ಹಲಗೆ ಅವಳಿಗೆ ಭಾರವಾಗಿತ್ತು.

"ಅಪ್ಪಾ, ಈಗ ಇಕಿ ಎಲ್ಲಿದ್ದಾಳ?"

"ಈಗೆಲ್ಲೆ?" ಅಪ್ಪ ಬರೆಯುತ್ತಿದ್ದದ್ದನ್ನು ನಿಲ್ಲಿಸಲಿಲ್ಲ. "ಫೋಟೋ ತಗದ ಮ್ಯಾಲೆ ಆ ಓಣಿ ಪೂರಾ ಕೆಡವಿದ್ರು. ಅಲ್ಲೆ ಒಬ್ಬರೂ ಉಳೀಲಿಲ್ಲ."

"ಒಬ್ಬರೂ?"

"ಇಲ್ಲ. ಬರೋ ಮಂಗಳವಾರ ನಮ್ಮನೂ ಹಿಂಗ ತಗೀತಾರ."

ಅಷ್ಟರಲ್ಲಿ ಕೆಳಗೆ ನಳಕ್ಕೆ ನೀರು ಬಂತೆಂದು ಕೂಗು ಕೇಳಿ, ಕೊಡ ತುಂಬಲು ನನ್ನನ್ನು ಕಳಿಸಿದರು. ನಾನು ಹೋದ ಮೇಲೆ ಅಪ್ಪ ಅವ್ವನಿಗೂ ಅತ್ಯಾಳಿಗೂ ಹೇಳಿದ ಮಾತು ನನಗೆ ಗೊತ್ತಾಗುವಾಗ ಕಾಲ ಮೀರಿತ್ತು. ಅದು ಇಷ್ಟು: ಕಾಂದಿವಲಿಯಲ್ಲಿ ಹೊಸ ಬಿಲ್ಡಿಂಗ್ ಕಟ್ಟುತ್ತಿದ್ದಾರೆ. ಯಾರು ತಮ್ಮ ಬಾಗಿಲ ಮುಂದೆ ಹೆಸರು ಬರೆದ ಪಾಟಿ ಹಿಡಿದು ಫೋಟೋದಲ್ಲಿ ನಿಲ್ಲುತ್ತಾರೋ ಅವರಿಗೆ ಅಲ್ಲಿ ಖೋಲಿ ಸಿಗುತ್ತದೆ. ಎರಡು ಬಾಗಿಲಿಗೆಂದು ಅಪ್ಪ ಎರಡು ಹೊಸ ಪಾಟಿ, ಒಂದು ಬಳಪದ ಪೆಟ್ಟಿಗೆ ತಂದಿಟ್ಟಿದ್ದ.

ನೀರು ತುಂಬಿ ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ. ದೊಡ್ಡವರು ಚಹಾ ಕುಡಿಯುವಾಗ, ಸಾಣೆಕಲ್ಲಿನ ಮೇಲೆ ಒಣಗುತ್ತಿದ್ದ ಗಂಧಕ್ಕೆ ನೀರು ಹನಿಸಿ, ಆ ಹುಡುಗಿಯ ಹಣೆಗೆ ಹಚ್ಚಿದೆ. ಅವಳಿಗೆ ಯಾರೂ ಹಚ್ಚಿರಲಿಕ್ಕಿಲ್ಲ ಎನಿಸಿತ್ತು. ಆ ಫೋಟೋಕ್ಕೆ ಗಾಜು ಇರಲಿಲ್ಲ. ಗಂಧ ಕಾಗದದಲ್ಲಿ ಇಳಿಯಿತು. ಅಪ್ಪ ನೋಡಿ ನನ್ನ ಬೆನ್ನ ಮೇಲೆ ಒಂದು ಏಟು ಹಾಕಿದ. ಆಮೇಲೆ ತಾನೇ ಒದ್ದೆ ಬಟ್ಟೆಯಿಂದ ಒರೆಸಲು ಹೋಗಿ, ಕಲೆ ಇನ್ನಷ್ಟು ಹರಡಿ, ಸಾಹೇಬರಿಗೆ ಏನು ಹೇಳಲಿ ಎಂದು ತಲೆ ಮೇಲೆ ಕೈ ಹೊತ್ತು ಕೂತ.

ಸೋಮವಾರ ಕೆಳಗಿನ ಅಂತಸ್ತಿನವರ ಸರದಿ. ನಾನು ಶಾಲೆಯಿಂದ ಬರುವಾಗ ಅಂಗಳದಲ್ಲಿ ಮೂರು ಕಾಲಿನ ಕ್ಯಾಮೆರಾ ನಿಂತಿತ್ತು. ಅದರ ಹಿಂದೆ ಒಬ್ಬ ಪಾರ್ಸಿ ಮುದುಕ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. ಈಗ ಅದಕ್ಕೆ ತಲೆ ಇರಲಿಲ್ಲ, ಐದು ಕಾಲುಗಳಿದ್ದವು. ಬಟ್ಟೆಯೊಳಗಿಂದ ಧ್ವನಿ ಬಂತು.

"ಹಿಲನಾ ಮತ್! ಸಾಂಸ್ ಬಂದ್!"

ಬಾಗಿಲಲ್ಲಿ ನಿಂತಿದ್ದ ಕೆಳಗಿನ ಖೋಲಿಯ ಮುದುಕಪ್ಪ ಅಲುಗಾಡದೆ, ಉಸಿರು ಹಿಡಿದು, ಪಾಟಿಯನ್ನು ಎದೆಗೆ ಒತ್ತಿಕೊಂಡ. ದಿನಾ ನನಗೆ ಕಣ್ಣು ಹೊಡೆದು ನಗಿಸುತ್ತಿದ್ದವನು. ಅವನ ಮುಖದಿಂದ ಎಲ್ಲವೂ ಹೋಗಿ, ಅದು ಗೋಡೆಯ ಮೇಲಿನ ಮುಖವಾಯಿತು. ನಾನು ಮೆಟ್ಟಿಲು ಹತ್ತಿ ಓಡಿದೆ. ನಾಳೆ ಗ್ಯಾಲರಿಯ ಆ ತುದಿಯಿಂದ ಶುರುಮಾಡಿ ಒಂದೊಂದೇ ಬಾಗಿಲು ಮುಗಿಸುತ್ತ ಅದು ಬರುತ್ತದೆ. ಅಪ್ಪ ಕಚೇರಿಯಲ್ಲಿರುತ್ತಾನೆ, ಅವನಿಗೆ ಭಯವಿಲ್ಲ. ಮನೆಯಲ್ಲಿರುವವರು ಅವ್ವ ಮತ್ತು ಅತ್ಯಾ. ಇಬ್ಬರನ್ನೂ ಎಲ್ಲಿಗಾದರೂ ಕರೆದೊಯ್ಯುವ ಉಪಾಯ ನನಗೆ ಹೊಳೆಯಲಿಲ್ಲ. ಅವ್ವ ಹಗಲು ಹೊತ್ತಿನಲ್ಲಿ ಮನೆ ಬಿಟ್ಟು ಹೊರಡುವವಳೇ ಅಲ್ಲ. ಅತ್ಯಾ ಕರೆದರೆ ಬರುತ್ತಾಳೆ. ಹೀಗೆ ಲೆಕ್ಕ ಹಾಕಿದೆನೋ, ಅಥವಾ ಅತ್ಯಾಳೇ ನನಗೆ ಹೆಚ್ಚಾಗಿದ್ದಳೋ? ಈ ಪ್ರಶ್ನೆಯನ್ನು ಎರಡೂ ಡೈರಿಗಳಲ್ಲಿ ಬರೆದು ಹೊಡೆದುಹಾಕಿದ್ದೇನೆ.

ಮಂಗಳವಾರ ಬೆಳಿಗ್ಗೆ ಶಾಲೆಗೆ ಹೊರಡಲಿಲ್ಲ. ಅತ್ಯಾ ನಮ್ಮ ಖೋಲಿಗೆ ರೊಟ್ಟಿ ಕೊಡಲು ಬಂದಾಗ ಅವಳ ಸೀರೆ ಹಿಡಿದುಕೊಂಡೆ.

"ಅತ್ಯಾ, ನನಗ ಕನಸು ಬಿದ್ದಿತ್ತು. ಗವಿಯ ದೇವಿ ಬಂದಿದ್ಲು. ನಿಮ್ಮ ಅತ್ಯಾನ್ನ ಕರಕೊಂಡು ಬಾ ಅಂದ್ಲು. ಇವತ್ತ ಬಾ ಅಂದ್ಲು."

"ಇವತ್ತ? ನಾಳೆ ಹೋದ್ರ ನಡಿಯಂಗಿಲ್ಲೇನು? ದೇವಿ ಎಲ್ಲೂ ಊರಿಗೆ ಹೋಗೂದಿಲ್ಲ."

"ಇವತ್ತ!"

ಕನಸು ನಾನು ಕಟ್ಟಿದ್ದು. ನಡುಕ ಕಟ್ಟಿದ್ದಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು. ಅತ್ಯಾ ನನ್ನ ಹಣೆ, ಕೊರಳು ಮುಟ್ಟಿ ನೋಡಿ ಅವ್ವನ ಕಡೆ ತಿರುಗಿದಳು.

"ಹುಡುಗಿ ಭಾಳ ಅಂಜೇದ ಸುಧಾ. ದೇವಿ ಅಂಗಾರಾ ಹಚ್ಚಿಸಿಕೊಂಡು ತಾಸಿನ್ಯಾಗ ಬಂದುಬಿಡ್ತೀವಿ."

"ಅಕ್ಕಾ, ಅಷ್ಟರಾಗ ಫೋಟೋದಾಂವ ಬಂದ್ರ?"

"ಆ ತುದಿಯಿಂದ ಬರ್ತಾನ. ನನ್ನದು ಕಡೀ ಬಾಗಿಲಾ. ನೀ ಚಿಂತಿ ಮಾಡಬ್ಯಾಡ, ನಾ ವ್ಯವಸ್ಥಾ ಮಾಡಿ ಹೋಗ್ತೀನಿ."

ನಾನು ಕೆಳಗಿಳಿದು ನಳದ ಹತ್ತಿರ ನಿಂತೆ. ಅವಳು ತನ್ನ ಖೋಲಿಗೆ ಹೋಗಿ, ಕೀಲಿ ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಸೆರಗಿಗೆ ಬಿಳಿ ಹತ್ತಿತ್ತು. ಜೋಳದ ಹಿಟ್ಟು ಎಂದುಕೊಂಡೆ.

ಜೋಗೇಶ್ವರಿಯ ಗವಿಗೆ ಮೆಟ್ಟಿಲಿಳಿದು ಹೋಗಬೇಕು. ಒಳಗೆ ಸಾಲು ಸಾಲು ಕಂಬಗಳು, ಹಗಲಿನಲ್ಲೂ ಮುಸುಕು ಬೆಳಕು, ಮೇಲಿನ ಬಂಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪೂಜಾರಿ ನನ್ನ ಹಣೆಗೆ ಅಂಗಾರದ ಬೂದಿ ಹಚ್ಚಿದ. ಅತ್ಯಾ ಕೈಮುಗಿದು, ಪ್ರದಕ್ಷಿಣೆ ಹಾಕಿ, "ಆತಲ್ಲ? ನಡಿ ಇನ್ನ" ಎಂದಳು. ಇಷ್ಟು ಬೇಗ ಹೋದರೆ ಅದು ಇನ್ನೂ ಅಲ್ಲಿಯೇ ಇರುತ್ತದೆ. ಅವಳು ಚಪ್ಪಲಿ ಮೆಟ್ಟಲು ಬಗ್ಗಿದಾಗ ನಾನು ಓಡಿ ಒಳಗಿನ ಕಂಬಗಳ ನಡುವೆ ಅಡಗಿಕೊಂಡೆ.

"ವಚ್ಚೀ!"

ಮೊದಲ ಕೂಗಿನಲ್ಲಿ ನಗು ಇತ್ತು. ಎರಡನೆಯದರಲ್ಲಿ ಸಿಟ್ಟು. ಆಮೇಲೆ ಆ ಕೂಗು ಬಂಡೆಗೆ ಬಡಿದು, ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯದ ಹಾಗೆ ಸುತ್ತತೊಡಗಿತು. ಬೆನ್ನಿಗೆ ತಣ್ಣನೆಯ ಕಲ್ಲು, ಕಾಲಡಿ ನೀರು. ಹೊರಗೆ ಬರಬೇಕೆಂದರೂ ಯಾವ ಕಡೆಗೆ ಎಂದು ಗೊತ್ತಾಗಲಿಲ್ಲ. ಆ ಕಲ್ಲಿಗೇ ಇನ್ನಷ್ಟು ಒತ್ತಿಕೊಂಡೆ. ಎದುರಿನ ಗೋಡೆಯಲ್ಲಿ ಮೂಗು ಸವೆದ ಯಾವುದೋ ಮೂರ್ತಿ ನನ್ನನ್ನೇ ನೋಡುತ್ತ ನಿಂತಿತ್ತು, ಎದೆಯ ಮೇಲೆ ಕೈ ಇಟ್ಟುಕೊಂಡು, ಪಾಟಿ ಹಿಡಿದವರ ಹಾಗೆ. ಎಷ್ಟು ಹೊತ್ತು ಎಂಬುದನ್ನು ಹೇಳಲಾರೆ. ಪೂಜಾರಿ ಕಂದೀಲು ತಂದು ಹುಡುಕಿದ್ದು ನೆನಪಿದೆ. ಅತ್ಯಾ ನನ್ನನ್ನು ಎಳೆದು ಎದೆಗೊತ್ತಿಕೊಂಡಾಗ ಅವಳ ಎದೆ ಬಡಿಯುತ್ತಿದ್ದದ್ದು ನನ್ನ ಕಿವಿಗೆ ಕೇಳಿದ್ದೂ ನೆನಪಿದೆ. ಅಳುತ್ತಿದ್ದವರು ಯಾರೆಂಬುದು ಮಾತ್ರ ಹೋಗಿದೆ.

ಚಾಳಿಗೆ ಬರುವಾಗ ಅಂಗಳ ಖಾಲಿ ಇತ್ತು. ಶೇವಂತಾಬಾಯಿ ಗ್ಯಾಲರಿಯಿಂದಲೇ ಕೂಗಿದಳು.

"ಗೇಲಾ ತೋ! ಫೋಟೋವಾಲಾ ಗೇಲಾ! ಕುಠೇ ಹೋತಾ ಬಾಯೀ?"

ಅವನು ಹೋದ ಎಂಬುದಷ್ಟೇ ನನಗೆ ಬೇಕಾಗಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು, ಮುಖ ಬಿಳಿಚಿತ್ತು.

"ಎಲ್ಲಿದ್ರಿ ಅಕ್ಕಾ? ನಾ ಅವಂಗ ಎಷ್ಟು ಹೇಳಿದೆ, ಇಲ್ಲೇ ಹೋಗ್ಯಾರ, ಬರ್ತಾರ ಅಂತ. ತಿಳದರ ತಾನ!"

ಅತ್ಯಾ ನನ್ನ ಕಡೆ ನೋಡಲಿಲ್ಲ. "ದೇವಿ ಮುಂದ ಕೂತೆ, ಏಳಬೇಕನಿಸಲಿಲ್ಲ," ಎಂದಳು. "ಇರಲಿ ಬಿಡು. ನಾ ನಂಬರ್ ಹಚ್ಚಿ ಹೋಗೀನಲ್ಲ."

ಆ ಮಾತು ನನಗೆ ತಿಳಿಯಲಿಲ್ಲ. ತಿಳಿಯುವ ಸ್ಥಿತಿಯಲ್ಲೂ ಇರಲಿಲ್ಲ. ಅತ್ಯಾ ಉಳಿದಳು, ಅವ್ವ ಫೋಟೋದೊಳಗೆ ಹೋದಳು. ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ. ಮುಂದಿನ ದಿನಗಳಲ್ಲಿ ಶಾಲೆಯಿಂದ ಬಂದೊಡನೆ ಮೊದಲು ಗೋಡೆ ನೋಡುತ್ತಿದ್ದೆ, ಐದನೆಯ ಚೌಕಟ್ಟು ಬಂದಿದೆಯೋ ಎಂದು. ಮಧ್ಯಾಹ್ನ ಅವ್ವ ಅಡ್ಡಾದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದೆ. ಒಮ್ಮೆ ಅವಳು ಕಣ್ಣು ತೆರೆದು, "ಏನ ಇದು?" ಎಂದಳು. ನೊಣ ಎಂದೆ. ಅವಳು ಕೆಮ್ಮಿದರೆ, ಸಾರಿಗೆ ಉಪ್ಪು ಹಾಕಲು ಮರೆತರೆ, ಮೆಟ್ಟಿಲಲ್ಲಿ ಒಂದು ಕ್ಷಣ ನಿಂತರೆ, ಶುರುವಾಯಿತು ಎಂದುಕೊಳ್ಳುತ್ತಿದ್ದೆ. ಬೇರೆಯವರ ಮುಖವನ್ನು ನೋಡುವಾಗ ಏನು ತಪ್ಪಿದೆ ಎಂದು ಹುಡುಕುವ ಚಟ ನನಗೆ ಅಲ್ಲಿಂದ ಅಂಟಿದ್ದು, ಇವತ್ತಿಗೂ ಬಿಟ್ಟಿಲ್ಲ.

ಅವ್ವನಿಗೆ ಏನೂ ಆಗಲಿಲ್ಲ. ಒಂದು ಸಂಜೆ ಅಪ್ಪ ಬಂದು, ಬೂಟು ಬಿಚ್ಚದೆ ಹೊಸ್ತಿಲಲ್ಲೇ ಕೂತ. ಕಚೇರಿಯಲ್ಲಿ ಖೋಲಿ ಸಿಕ್ಕವರ ಯಾದಿ ಹೊರಬಿದ್ದಿತ್ತು.

"ನಮಗ ಕಾಂದಿವಲ್ಯಾಗ ಖೋಲಿ ಬಂದದ," ಎಂದ. ಆಮೇಲೆ ಅಕ್ಕನ ಕಡೆ ನೋಡದೆ, "ಅಕ್ಕಂದು ರಿಕಾಮಿ ಅಂತ ಬರದಾರ."

"ರಿಕಾಮಿ?" ಅತ್ಯಾ ಕೇಳಿದಳು. "ಖಾಲಿ ಹೆಂಗ ಆಗ್ತದೋ? ನಾ ಇದ್ದೀನಲ್ಲ."

"ಬಾಗಿಲಕ್ಕ ಕೀಲಿ ಇತ್ತು. ಮುಂದ ಮನಷ್ಯಾ ಇಲ್ಲ. ಮನಷ್ಯಾ ಇದ್ರ ಇಷ್ಟ ಖೋಲಿ. ಸಾಹೇಬ್ರ ಕೈಕಾಲು ಹಿಡಕೊಂಡೆ. ನಿನ್ನ ಸ್ವಂತ ಅಕ್ಕ, ನಿನ್ನ ಮಾತಿನ ಮ್ಯಾಲೆ ಹೆಂಗ ತಿದ್ದಲಿ ಅಂದ್ರು."

ಆಗ ಅವ್ವ ಅತ್ತಳು, ಆಗ ಎಲ್ಲವೂ ಒಂದೊಂದಾಗಿ ಹೊರಬಿತ್ತು: ಫೋಟೋದಲ್ಲಿ ನಿಂತವರಿಗೇ ಖೋಲಿ ಎಂಬ ಮಾತು. ನಾನು ದೇವರ ಮಾಡದ ಕೆಳಗೆ ಕೂತಿದ್ದೆ. ಅತ್ಯಾ ಒಂದು ಮಾತು ಹೇಳಿದ್ದರೆ ಸಾಕಿತ್ತು. ಈ ಹುಡುಗಿ ಅಡಗಿಕೊಂಡಳು, ಅದಕ್ಕೇ ತಡವಾಯಿತು ಎಂದು. ಅವಳು ಹೇಳುತ್ತಾಳೆ ಎಂದು ಕಾದೆ. ನಾನೇ ಹೇಳಬೇಕು ಎಂದು ನಾಲಿಗೆಯ ತನಕ ತಂದೆ. ಅಪ್ಪನ ಕೈಯ ಕೆಂಪು ಶಾಯಿ ನೋಡಿ ನುಂಗಿದೆ. ಅತ್ಯಾ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನಮ್ಮ ಜೊತೆ ಕಾಂದಿವಲಿಗೆ ಬರಬೇಕೆಂದು ಅವ್ವ ಕಾಲಿಗೆ ಬಿದ್ದು ಕರೆದಳು. "ಬ್ಯಾಡ ಸುಧಾ," ಎಂದಳು ಅತ್ಯಾ. "ಬಂದಾಗ ನಿನ್ನ ಗಂಡನ ಅಕ್ಕ ಆಗಿ ಬರ್ತೀನಿ. ನಿನ್ನ ಒಂದು ಖೋಲ್ಯಾಗ ಮೂಲಿ ಹಿಡದು ಕೂಡೋಕಿ ಆಗಿ ಬರೂದಿಲ್ಲ." ಬೇರೆ ಖೋಲಿ ಹಿಡಿಯುವುದು ಆಗಲಿಲ್ಲ, ಒಂಟಿ ಹೆಂಗಸಿಗೆ ಕೊಡುವವರು ಸಿಗಲಿಲ್ಲ. ಚಾಳು ಕೆಡವುವ ಹಿಂದಿನ ವಾರ ಅವಳು ವಿಜಾಪುರಕ್ಕೆ, ಮೈದುನನ ಮನೆಗೆ ಹೊರಟಳು. ದಾದರ ಸ್ಟೇಶನ್ನಿನಲ್ಲಿ ಗಾಡಿ ಹತ್ತುವ ಮೊದಲು ನೆಗ್ಗಿದ ಕೊಡವನ್ನು ನನ್ನ ಕೈಗೆ ಕೊಟ್ಟಳು.

"ಹೊಸಾ ಮನ್ಯಾಗ ಲಗೂನ ಎದ್ದು ನಳದ ಮುಂದ ಇಡು. ನಂಬರ್ ತಪ್ಪಿಸಿಕೋಬ್ಯಾಡ."

ಹೊಸ ಮನೆಯಲ್ಲಿ ನಳ ಒಳಗೇ ಇತ್ತು. ಅವಳು ಎಂದೂ ಬರಲಿಲ್ಲ. ನಾನು ಕಾಲೇಜು ಸೇರುವ ಮೊದಲೇ, ಅವಳು ತೀರಿಕೊಂಡಳೆಂದು ವಿಜಾಪುರದಿಂದ ಕಾರ್ಡು ಬಂತು. ಗೋಡೆಗೆ ಹಾಕಲು ಅವಳದೊಂದು ಫೋಟೋ ಇಲ್ಲವಲ್ಲ ಎಂದು ಅವ್ವ ಹಳಹಳಿಸಿದಳು.

ಅಪ್ಪ ಹೋದ ಮೇಲೆ ಅವನ ಟ್ರಂಕಿನ ತಳದಲ್ಲಿ ಒಂದು ಕಂದು ಲಕೋಟೆ ಸಿಕ್ಕಿತು. ಒಳಗೆ ಮೂರು ಫೋಟೋ. ಒಂದು, ಕಾಲುಚೀಲ ಜಾರಿದ ಆ ಹುಡುಗಿಯದು, ಹಣೆಯ ಮೇಲೆ ನಾನು ಹಚ್ಚಿದ ಗಂಧದ ಕಂದು ಕಲೆ. ಹಿಂದೆ ಬರೆದ ಊರಿನ ಹೆಸರು ಶಿಕಾಗೋ ಅಲ್ಲ, ಡೆಟ್ರಾಯಿಟ್. ಅವಳು ಅವತ್ತು ಸತ್ತಿರಲಿಲ್ಲ. ಬೇರೆ ಓಣಿಗೆ ಹೋಗಿರುತ್ತಾಳೆ, ಈಗ ನನ್ನಂತೆಯೇ ಮುದುಕಿಯಾಗಿರಬಹುದು. ಇನ್ನೊಂದು ಅವ್ವನದು. ತಲೆಯ ಮೇಲೆ ಸೆರಗು, ಎದೆಗೆ ಪಾಟಿ. ಕ್ಯಾಮೆರಾ ನೋಡಬೇಕಾದ ಕಣ್ಣುಗಳು ಪಕ್ಕಕ್ಕೆ, ಮೆಟ್ಟಿಲ ಕಡೆಗೆ, ನಾವು ಬರುತ್ತೇವೋ ಎಂದು ತಿರುಗಿವೆ.

ಮೂರನೆಯದು ಅತ್ಯಾಳ ಬಾಗಿಲು. ಕೀಲಿ ಹಾಕಿದೆ. ಹೊಸ್ತಿಲಲ್ಲಿ ರಂಗೋಲಿ. ಬಾಗಿಲಿಗೆ ಆನಿಸಿ, ನಟ್ಟನಡುವೆ, ನೆಗ್ಗಿದ ಹಿತ್ತಾಳೆಯ ಕೊಡ. ಕೊಡಕ್ಕೆ ಒರಗಿಸಿ ಪಾಟಿ. ಪಾಟಿಯ ಮೇಲೆ ದುಂಡಗಿನ ಕನ್ನಡ ಅಕ್ಷರದಲ್ಲಿ, ಬಳಪ ಒತ್ತಿ ಒತ್ತಿ ಬರೆದ ಹೆಸರು: ಗೋದಾವರಿ. ಸೆರಗಿಗೆ ಹತ್ತಿದ್ದು ಹಿಟ್ಟಲ್ಲ. ತಾನು ಬರುವುದು ತಡವಾದೀತೆಂದು ಅವಳು ನಳದ ಮುಂದೆ ಇಡುವ ಹಾಗೆಯೇ ಇಟ್ಟು, ನಿಶ್ಚಿಂತೆಯಿಂದ ನನ್ನ ಕೈ ಹಿಡಿದು ಬಂದಿದ್ದಳು. ಅದನ್ನು ಯಾರೂ ಹಿಂದೆ ಸರಿಸುವುದಿಲ್ಲ ಎಂದು ನಂಬಿದ್ದಳು.

ಆ ಫೋಟೋಕ್ಕೆ ಕಟ್ಟು ಹಾಕಿಸಿದ್ದೇನೆ. ಅವ್ವ-ಅಪ್ಪನ ಫೋಟೋಗಳ ಪಕ್ಕದಲ್ಲಿ ತೂಗುಹಾಕಿದ್ದೇನೆ. ಬೆಳಿಗ್ಗೆ ಅವರಿಬ್ಬರ ಹಣೆಗೆ ಗಂಧ ಹಚ್ಚಿ ಇದರ ಮುಂದೆ ಬರುತ್ತೇನೆ. ಇದರಲ್ಲಿ ಹಣೆ ಇಲ್ಲ. ಕೀಲಿಗೆ ಹಚ್ಚಲು ಮನಸ್ಸು ಬರುವುದಿಲ್ಲ. ಪಾಟಿಗೆ ಹಚ್ಚಿದರೆ ಹೆಸರು ಮುಚ್ಚಿಹೋಗುತ್ತದೆ. ಬೆರಳಿನ ಮೇಲೆ ಗಂಧ ಒಣಗುವ ತನಕ ನಿಂತಿದ್ದು, ಕೈ ತೊಳೆದುಕೊಳ್ಳುತ್ತೇನೆ.